ಹೀಲ್ಸ್ ತೊಟ್ಟು ಹೊರಟಾಗ ಕಾರು ಓಡಿಸುವುದು ಹೇಗೆ: ಕ್ರಾಸ್‌ಡ್ರೆಸ್ಸರ್‌ಗಳಿಗೊಂದು ಮಾರ್ಗದರ್ಶಿ

"ಅಲಂಕಾರ ಎಲ್ಲಾ ಮುಗಿಸಿ, ಹೀಲ್ಸ್ ಹಾಕಿಕೊಂಡು ಮನೆಯಿಂದ ಹೊರಡುತ್ತೇನೆ. ಕಾರನ್ನು ನಾನೇ ಓಡಿಸಬೇಕು. ಹೀಲ್ಸ್‌ನಲ್ಲೇ ಓಡಿಸಬಹುದೇ?" ಕ್ರಾಸ್‌ಡ್ರೆಸ್ಸರ್‌ಗಳು, ಅಂದರೆ ಗಂಡಸರಾಗಿ ಬದುಕುತ್ತಲೇ ಆಗಾಗ ಹೆಣ್ಣಿನ ಉಡುಗೆ ತೊಡುವ ನಮ್ಮಂಥವರು, ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓಡಿಸಬೇಡಿ. ಚಪ್ಪಟೆ ಶೂ ಹಾಕಿಕೊಂಡು ಓಡಿಸಿ, ತಲುಪಿದ ಮೇಲೆ ಸೀಟಿನಲ್ಲೇ ಕುಳಿತು ಹೀಲ್ಸ್ ಹಾಕಿಕೊಳ್ಳಿ.

ಇದು ನಿಮಗೂ ಗೊತ್ತಿರುವ ಮಾತೇ. ಗೊತ್ತಿದ್ದೂ ಶೂ ಬದಲಿಸದೆ ಓಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಸಾಲಿನಲ್ಲಿ ನಾನೂ ಇದ್ದೆ. ಕಾರಣ ಒಂದೇ, ಅವಸರ. ಪಕ್ಕದ ಮನೆಯ ಬಾಗಿಲು ತೆರೆಯುವುದರೊಳಗೆ ಕಾರು ಹತ್ತಬೇಕು, ಹತ್ತಿದ ಕೂಡಲೇ ಹೊರಡಬೇಕು, ದಾರಿಯಲ್ಲಿ ಎಲ್ಲೂ ನಿಲ್ಲಬಾರದು, ಯಾರ ಕಣ್ಣಿಗೂ ಬೀಳಬಾರದು. ಈ ಗಾಬರಿಯಲ್ಲಿ ಶೂ ಬದಲಿಸುವ ಒಂದು ನಿಮಿಷ ಒಂದು ಗಂಟೆಯಂತೆ ಕಾಣುತ್ತದೆ. ಅದಕ್ಕೇ ಮುಂದಿನ ಹಂತಗಳಲ್ಲಿ ಅರ್ಧದಷ್ಟು ಶೂ ಬಗ್ಗೆ ಇದ್ದರೆ, ಉಳಿದರ್ಧ ಆ ಒಂದು ನಿಮಿಷವನ್ನು ಹೊಂದಿಸಿಕೊಳ್ಳುವುದರ ಬಗ್ಗೆ.

ಹೀಲ್ಸ್ ಪೆಡಲ್ ಮೇಲೆ ಮಾಡುವ ಕಿತಾಪತಿ

ಚಪ್ಪಟೆ ಶೂನಲ್ಲಿ ಓಡಿಸುವಾಗ ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿರುತ್ತದೆ. ಹಿಮ್ಮಡಿ ಇದ್ದಲ್ಲೇ ಇದ್ದು ಪಾದ ಮಾತ್ರ ಆಡುತ್ತದೆ. ಎಕ್ಸಲರೇಟರನ್ನು ಕೂದಲೆಳೆಯಷ್ಟು ಒತ್ತುವುದು, ಅಷ್ಟೇ ಬಿಡುವುದು, ಹೊರಳಿ ಬ್ರೇಕಿಗೆ ಬರುವುದು ಎಲ್ಲವೂ ಆ ಊರುಗೋಲಿನ ಬಲದ ಮೇಲೆ ನಡೆಯುತ್ತವೆ.

ನಾಲ್ಕು ಇಂಚಿನ ಪೆನ್ಸಿಲ್ ಹೀಲ್ ಹಾಕಿದಿರೋ, ಆ ಆಧಾರ ಒಂದು ಸೆಂಟಿಮೀಟರ್ ಅಗಲದ ತುದಿಗೆ ಇಳಿಯುತ್ತದೆ. ಪಾದ ಆಗಲೇ ಮುಂದಕ್ಕೆ ಬಾಗಿರುವುದರಿಂದ ಕಾಲಿನ ಗಿಣ್ಣಿಗೆ ಇನ್ನಷ್ಟು ಬಾಗಲು ಜಾಗ ಕಡಿಮೆ. ಒತ್ತಡವನ್ನು ಅಳೆದು ಕೊಡುವ ಕೆಲಸ ತೊಡೆಯ ಪಾಲಿಗೆ ಬರುತ್ತದೆ. ಅಂಥ ನಾಜೂಕಿನ ಕೆಲಸ ತೊಡೆಗೆ ಒಗ್ಗದು, ಕಾರು ಕುಪ್ಪಳಿಸುತ್ತದೆ.

ಅದಕ್ಕಿಂತ ಕೆಟ್ಟದ್ದು ಹೀಲ್‌ನ ತುದಿ ಮ್ಯಾಟ್‌ನಲ್ಲಿ ನಾಟಿಕೊಳ್ಳುವುದು. ನನ್ನ ಹಳೆಯ ಕಾರಿನ ಮ್ಯಾಟ್‌ನಲ್ಲಿ, ಎಕ್ಸಲರೇಟರಿಗೆ ಒಂದು ಗೇಣು ಹಿಂದೆ, ಕಡಲೆಕಾಳಿನ ಗಾತ್ರದ ಗುಳಿಯೊಂದು ಬಿದ್ದಿತ್ತು. ತಿಂಗಳುಗಟ್ಟಲೆ ಹೀಲ್ ಊರಿ ಊರಿ ನಾನೇ ತೋಡಿದ್ದು. ಒಂದು ಸಂಜೆ ಮುಂದಿನ ಗಾಡಿ ತಟ್ಟನೆ ನಿಂತಾಗ ಕಾಲೆತ್ತಿದೆ, ಹೀಲ್ ಗುಳಿಯಿಂದ ಏಳಲಿಲ್ಲ. ಅರೆಕ್ಷಣ ತಡವಾಗಿ ಬ್ರೇಕ್ ಸಿಕ್ಕಿತು, ಬಂಪರಿನ ಬಣ್ಣದಷ್ಟಕ್ಕೆ ಮುಗಿಯಿತು. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ತಡವಾದರೆ 8 ಮೀಟರಿಗೂ ಹೆಚ್ಚು, ಅಂದರೆ ಎರಡು ಕಾರುಗಳ ಉದ್ದ.

ತಮಾಷೆಯೆಂದರೆ ಹೀಲ್ ಬೆಳೆದು ಬಂದದ್ದೇ ಗಂಡಸರ ಸವಾರಿಯ ಜೊತೆಗೆ. ಪರ್ಷಿಯಾದ ಕುದುರೆ ಸವಾರರು ರಿಕಾಪಿನಿಂದ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯಿಂದ, ಕಾಲು ಜಾರದಿರಲಿ ಎಂದು ಹೀಲ್ ಇರುವ ಪಾದರಕ್ಷೆ ತೊಡುತ್ತಿದ್ದರು. 17ನೇ ಶತಮಾನದಲ್ಲಿ ಯುರೋಪಿನ ಸಿರಿವಂತ ಗಂಡಸರಿಗೆ ಅದರ ಹುಚ್ಚು ಹಿಡಿಯಿತು. ಫ್ರಾನ್ಸಿನ 14ನೇ ಲೂಯಿಯ ಕೆಂಪು ಹೀಲ್ಸ್ ಹೆಸರುವಾಸಿ. ಹೀಲ್ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ರಿಕಾಪಿಗೆ ಬೇಕಾದದ್ದೂ ಅದೇ, ಪೆಡಲಿಗೆ ಬೇಡವಾದದ್ದೂ ಅದೇ.

ಹೊಂದಿಸಿಕೊಳ್ಳಬೇಕಾದದ್ದು

ಚಪ್ಪಟೆ ಶೂ ಒಂದು ಜೊತೆ. ಬಾಯಿ ಮುಚ್ಚುವ ಚೀಲ ಒಂದು. ಕೊಕ್ಕೆಯಲ್ಲಿ ಭದ್ರವಾಗಿ ಕೂರುವ ಮ್ಯಾಟ್. ಉದ್ದ ಲಂಗವನ್ನು ಎತ್ತಿ ಸಿಕ್ಕಿಸಲು ದೊಡ್ಡ ಕ್ಲಿಪ್. ಚಾಲನಾ ಪರವಾನಗಿ. ಜನ ಓಡಾಡದ ಬಯಲು, ಅರ್ಧ ಗಂಟೆಯ ಮಟ್ಟಿಗೆ.

1. ನಿಮ್ಮ ಹೀಲ್ಸ್ ಯಾವ ಜಾತಿಯದು ಎಂದು ನೋಡಿ

ಓಡಿಸುವುದಿಲ್ಲ ಎಂದ ಮೇಲೆ ಇದೇಕೆ ಎನ್ನಬೇಡಿ. ಪಾರ್ಕಿಂಗ್ ಜಾಗದಲ್ಲಿ ಕಾರನ್ನು ಹತ್ತು ಮೀಟರ್ ಸರಿಸಬೇಕಾದ ಸಂದರ್ಭ ಬಂದೇ ಬರುತ್ತದೆ. ಆಗ ಯಾವುದು ಪರವಾಗಿಲ್ಲ, ಯಾವುದು ಕೂಡದೇ ಕೂಡದು ಎಂಬುದು ತಿಳಿದಿರಬೇಕು.

ಪೆನ್ಸಿಲ್ ಹೀಲ್ ಕೂಡದು. ಪ್ಲಾಟ್‌ಫಾರ್ಮ್, ಅಂದರೆ ಮುಂಭಾಗದ ಅಟ್ಟೆಯೂ ದಪ್ಪಗಿರುವ ಶೂ, ನನ್ನ ಪ್ರಕಾರ ಪೆನ್ಸಿಲ್ ಹೀಲ್‌ಗಿಂತ ಅಪಾಯಕಾರಿ. ಅಟ್ಟೆ ದಪ್ಪವಾದಷ್ಟೂ ಪೆಡಲ್ ಯಾವಾಗ ಒತ್ತಿಕೊಂಡಿತು ಎಂಬುದು ಕಾಲಿಗೆ ಗೊತ್ತಾಗುವುದಿಲ್ಲ. ಅಗಲದ ಅಟ್ಟೆ ಎರಡು ಪೆಡಲ್‌ಗಳನ್ನು ಒಟ್ಟಿಗೇ ಒತ್ತಿಬಿಡಬಹುದು. ವೆಜ್, ಅಂದರೆ ಹಿಂದಿನಿಂದ ಮುಂದಿನವರೆಗೆ ಒಂದೇ ತುಂಡಾಗಿ ಇಳಿಜಾರಾಗಿರುವ ಹೀಲ್, ನೋಡಲು ಗಟ್ಟಿ, ಆದರೆ ಬಾಗುವುದಿಲ್ಲ. ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ ಚಪ್ಪಟೆಯಿದ್ದರೂ ಬೇಡ; ಅದು ಹಿಮ್ಮಡಿಯಿಂದ ಕಳಚಿ ಪೆಡಲಿನಡಿಗೆ ಬೀಳುತ್ತದೆ. ಮೊಣಕಾಲುದ್ದದ ಬೂಟು ಗಿಣ್ಣನ್ನು ಕಟ್ಟಿಹಾಕುತ್ತದೆ. ಉಳಿದದ್ದು ಮೂರು ನಾಲ್ಕು ಸೆಂಟಿಮೀಟರ್ ಎತ್ತರದ, ಅಗಲ ಬುಡದ ಬ್ಲಾಕ್ ಹೀಲ್. ಪಾದಕ್ಕೆ ಪಟ್ಟಿಯಿದ್ದರೆ, ಐದನೇ ಹಂತದ ಅಭ್ಯಾಸ ಮುಗಿಸಿದ್ದರೆ, ಕಾರು ಸರಿಸುವಷ್ಟಕ್ಕೆ ನಡೆದೀತು.

ನಮ್ಮ ಪಾದದ ವಿಷಯದಲ್ಲಿ ಇನ್ನೂ ಎರಡು ಮಾತು. ಪಾದ ಉದ್ದವಿದ್ದಷ್ಟೂ ಅದೇ ಎತ್ತರದ ಹೀಲ್‌ನ ಇಳಿಜಾರು ಕಡಿಮೆ. ಹಾಗಾಗಿ 28 ಸೆಂಟಿಮೀಟರಿನ ಪಾದಕ್ಕೆ ಮೂರು ಇಂಚು ಅಷ್ಟೇನೂ ಕಡಿದಾಗಿ ಅನ್ನಿಸದು, "ಇದರಲ್ಲಿ ಓಡಿಸಬಲ್ಲೆ" ಎಂಬ ಭ್ರಮೆ ಬರುತ್ತದೆ. ಆದರೆ ಚೂಪು ಮೂತಿಯ ಶೂ ಆದರೆ ಬೆರಳಿನಾಚೆಗೂ ಒಂದೆರಡು ಸೆಂಟಿಮೀಟರ್ ಚಾಚಿರುತ್ತದೆ. ಎಕ್ಸಲರೇಟರಿನಿಂದ ಬ್ರೇಕಿಗೆ ಬರುವಾಗ ಆ ಮೂತಿ ಬ್ರೇಕ್ ಪೆಡಲಿನ ಅಂಚಿನಡಿಗೆ ಸಿಕ್ಕಿಕೊಳ್ಳಬಹುದು. ಎರಡನೆಯದು, ನಮ್ಮ ಮೀನಖಂಡಕ್ಕೆ ಹೀಲ್ಸ್ ದಿನನಿತ್ಯದ ಅಭ್ಯಾಸವಲ್ಲ. ಬಾಗಿದ ಪಾದವನ್ನು ಪೆಡಲ್ ಮೇಲೆ ಹೊತ್ತುಕೊಂಡಿದ್ದರೆ ಮರಗಟ್ಟುತ್ತದೆ, ಒಮ್ಮೊಮ್ಮೆ ಸ್ನಾಯು ಹಿಡಿದುಕೊಳ್ಳುತ್ತದೆ.

2. ಚಾಲನೆಗೆಂದೇ ಒಂದು ಜೊತೆ ಶೂ ಇಡಿ

ಅಟ್ಟೆ ತೆಳುವಾಗಿರಲಿ, ಒಂದು ಸೆಂಟಿಮೀಟರಿನ ಆಸುಪಾಸು. ರಬ್ಬರಿನದಾಗಿರಲಿ, ನುಣುಪು ಚರ್ಮದ್ದು ಬೇಡ. ಹಿಮ್ಮಡಿ ಮುಚ್ಚಿರಲಿ.

ಇನ್ನೊಂದು ಷರತ್ತನ್ನು ಚಾಲನಾ ಪಾಠ ಹೇಳುವವರು ಯಾರೂ ಹೇಳುವುದಿಲ್ಲ: ಆ ಶೂ ನಿಮ್ಮ ಉಡುಗೆಗೆ ಹೊಂದಬೇಕು. ಕಾರಿನಲ್ಲಿ ಹಳೆಯ ಕ್ರೀಡಾ ಶೂ ಇಟ್ಟಿರುತ್ತೀರಿ. ನಡುದಾರಿಯಲ್ಲಿ ಟೈರ್ ಪಂಕ್ಚರ್ ಆದರೆ ಗೌನಿನ ಕೆಳಗೆ ಅದನ್ನು ತೊಟ್ಟು ಇಳಿಯಲು ಮನಸ್ಸು ಒಪ್ಪುವುದಿಲ್ಲ. "ಇಳಿಯಬೇಕಾದೀತು" ಎಂಬ ಆ ಅಳುಕಿನಿಂದಲೇ ಹೊರಡುವಾಗ ಹೀಲ್ಸ್ ಕಳಚುವುದಿಲ್ಲ. ಹೆಣ್ಣುಮಕ್ಕಳು ತೊಡುವ ಕಪ್ಪು ಬೆಲ್ಲಿ ಶೂ, ರಬ್ಬರ್ ಅಟ್ಟೆಯದು, ಒಂದು ಜೊತೆ ಕೊಂಡಿಡಿ. ಅದನ್ನು ತೊಟ್ಟು ಎಲ್ಲಿ ಇಳಿದರೂ ಉಡುಗೆಯ ಭಾಗವಾಗಿಯೇ ಕಾಣುತ್ತದೆ. ನನ್ನ ಅವಸರದ ಮುಕ್ಕಾಲು ಪಾಲು ಈ ಒಂದು ಖರೀದಿಯಿಂದ ಇಳಿಯಿತು.

ಬರಿಗಾಲು ಆಗದೇ ಎಂದು ಕೇಳುತ್ತೀರಿ. ಪೆನ್ಸಿಲ್ ಹೀಲ್‌ಗಿಂತ ವಾಸಿ. ಆದರೆ ಜೋರಾಗಿ ಬ್ರೇಕ್ ತುಳಿಯುವಾಗ ಬೆವರಿದ ಅಂಗಾಲು ಜಾರುತ್ತದೆ, ಪೆಡಲಿನ ಅಂಚು ಒತ್ತಿ ನೋಯುತ್ತದೆ, ನೋವಿಗೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ನೈಲಾನ್ ಸ್ಟಾಕಿಂಗ್ಸ್ ಹಾಕಿದ ಕಾಲಂತೂ ಬೇಡವೇ ಬೇಡ. ಸಾಬೂನು ಹಚ್ಚಿದಂತೆ ಜಾರುತ್ತದೆ.

3. ಪೆಡಲಿನ ಕೆಳಗಿನ ಜಾಗ ಖಾಲಿ ಮಾಡಿ

ಕಳಚಿದ ಹೀಲ್ಸ್ ಎಲ್ಲಿ ಹೋಗುತ್ತದೆ? ಬಹುತೇಕರು ಕಾಲಿನ ಪಕ್ಕಕ್ಕೆ ತಳ್ಳುತ್ತಾರೆ, ಇಲ್ಲವೇ ತಮ್ಮ ಸೀಟಿನಡಿಗೆ ದೂಡುತ್ತಾರೆ. ಮೊದಲ ಜೋರು ಬ್ರೇಕಿಗೆ ಅದು ಮುಂದಕ್ಕೆ ಜಾರಿ ಬ್ರೇಕ್ ಪೆಡಲಿನ ಹಿಂದೆ ಕೂರುತ್ತದೆ. ಆಮೇಲೆ ಎಷ್ಟು ತುಳಿದರೂ ಪೆಡಲ್ ಪೂರ್ತಿ ಇಳಿಯುವುದಿಲ್ಲ. ಹೀಲ್ಸ್ ತೊಟ್ಟು ಓಡಿಸುವುದಕ್ಕಿಂತ ದೊಡ್ಡ ಅಪಾಯ ಇದು.

ಕಳಚಿದ ಶೂಗಳನ್ನು ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಪಕ್ಕದ ಸೀಟಿನ ಮುಂದಿನ ನೆಲದ ಮೇಲಿಡಿ. ಸೀಟಿನ ಮೇಲಿಟ್ಟರೆ ಉರುಳೀತು. ಮ್ಯಾಟ್ ಒಂದೇ ಇರಲಿ. ಒಂದರ ಮೇಲೊಂದು ಹಾಸಬೇಡಿ. ಅದು ನೆಲದ ಕೊಕ್ಕೆಗೆ ಸಿಕ್ಕಿದೆಯೇ, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಅಂಚು ತಗಲುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

4. ಸೀಟು, ಬೆಲ್ಟು, ಬಟ್ಟೆ

ಸೀಟನ್ನು ಚಪ್ಪಟೆ ಶೂ ಹಾಕಿಕೊಂಡೇ ಹೊಂದಿಸಿ. ಕ್ಲಚ್ಚನ್ನು, ಕ್ಲಚ್ ಇಲ್ಲದ ಗಾಡಿಯಲ್ಲಿ ಬ್ರೇಕನ್ನು, ಪೂರ್ತಿ ತುಳಿದಾಗಲೂ ಮೊಣಕಾಲು ತುಸು ಮಡಚಿರಬೇಕು. ಸ್ಟೀರಿಂಗಿನ ನಡುವಿನಿಂದ ಎದೆಮೂಳೆಗೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಏರ್‌ಬ್ಯಾಗ್ ಉಬ್ಬಲು ಅಷ್ಟು ಜಾಗ ಬೇಕು. ಬ್ರೆಸ್ಟ್ ಫಾರ್ಮ್, ಅಂದರೆ ಎದೆಗೆ ಇಟ್ಟುಕೊಳ್ಳುವ ಸಿಲಿಕೋನ್ ಆಕಾರ, ತೊಡುವವರು ಅದರ ಮುಂಭಾಗದಿಂದಲೇ ಅಳೆಯಿರಿ. ಕಾಲು ಎಟುಕುವವರೆಗೆ, ಅಂತರ ಹೆಚ್ಚಾದರೆ ನಷ್ಟವಿಲ್ಲ.

ಬೆಲ್ಟಿನ ಮೇಲಿನ ಪಟ್ಟಿ ಭುಜದ ನಡುವಿನಿಂದ ಇಳಿದು ಎರಡು ಫಾರ್ಮ್‌ಗಳ ಮಧ್ಯೆ ಹಾಯಲಿ. ಆಕಾರ ಕೆಡುತ್ತದೆಂದು ಕಂಕುಳಡಿಗೆ ಸೇರಿಸಿದರೆ ಅಪಘಾತದಲ್ಲಿ ಪಕ್ಕೆಲುಬು ಮುರಿಯಬಹುದು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗೆ ತಾಗಿ ಬಿಗಿಯಾಗಿರಬೇಕು. ಹಿಪ್ ಪ್ಯಾಡ್, ಅಂದರೆ ಸೊಂಟ ತುಂಬಿದಂತೆ ಕಾಣಲು ಇಡುವ ಮೆತ್ತೆ, ಇಲ್ಲಿ ತೊಡಕು ತರುತ್ತದೆ. ಮೆತ್ತೆ ಅಮುಕಿದಷ್ಟೂ ಬೆಲ್ಟ್ ಸಡಿಲ. ದಪ್ಪ ಪ್ಯಾಡನ್ನು ತಲುಪಿದ ಮೇಲೆ ಹಾಕಿಕೊಳ್ಳಿ. ಕಾರ್ಸೆಟ್, ಅಂದರೆ ನಡು ಸಣ್ಣಗೆ ಕಾಣಲು ಬಿಗಿಯುವ ಒಳಕವಚ, ಬಿಗಿದುಕೊಂಡು ಓಡಿಸುವುದೂ ಬೇಡ. ಉಸಿರು ಮೇಲಕ್ಕೇ ನಿಲ್ಲುತ್ತದೆ, ಹಿಂದಿರುಗಿ ನೋಡಲು ಮೈ ತಿರುಗುವುದಿಲ್ಲ.

ಇಕ್ಕಟ್ಟಾದ ಲಂಗದಲ್ಲಿ ಮೊಣಕಾಲುಗಳು ಕಟ್ಟಿಹಾಕಿದಂತೆ ಇರುತ್ತವೆ, ಬ್ರೇಕಿಗೆ ಹೊರಳುವ ಕಾಲನ್ನು ಬಟ್ಟೆಯೇ ಎಳೆಯುತ್ತದೆ. ಕುಳಿತ ಮೇಲೆ ಮೊಣಕಾಲಿನಿಂದ ಮೇಲಕ್ಕೆ ಸರಿಸಿ. ಕಾರಿನೊಳಗೆ ಯಾರು ನೋಡುತ್ತಾರೆ? ಉದ್ದ ಲಂಗ, ಗೌನು, ಸೀರೆಯಾದರೆ ಅಂಚನ್ನು ಎತ್ತಿ ಕ್ಲಿಪ್ ಹಾಕಿ. ಬಾಗಿಲು ಮುಚ್ಚುವ ಮೊದಲು ಬಟ್ಟೆಯ ಅಂಚು ಒಳಗಿದೆಯೇ ನೋಡಿ.

ವಿಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹೆಡ್‌ರೆಸ್ಟಿಗೆ ತಲೆ ಒರಗಿಸಿದರೆ ವಿಗ್ ಮುಂದಕ್ಕೆ ಸರಿದು ಹಣೆಗೂದಲು ಕಣ್ಣಿಗೆ ಬರುತ್ತದೆ. ಕೆನ್ನೆಯ ಮೇಲಿನ ಕೂದಲು ಪಕ್ಕದ ಕನ್ನಡಿಯನ್ನು ಮರೆಮಾಡುತ್ತದೆ. ಎರಡೂ ಕಡೆ ಕಿವಿಯ ಹಿಂದಕ್ಕೆ ಪಿನ್ ಹಾಕಿ, ಕಿಟಕಿ ಏರಿಸಿ. ತೂಗುವ ಓಲೆ ಬೆಲ್ಟಿಗೆ ಸಿಕ್ಕಿ ಕಿವಿ ಹರಿಯಬಹುದು, ತೆಗೆದಿಡಿ. ಅಂಟಿಸಿದ ಉದ್ದ ಉಗುರು ಹೊಸದಾದರೆ ಬೆಲ್ಟಿನ ಕೆಂಪು ಗುಂಡಿ ಒತ್ತಿ ಬಿಚ್ಚಲು ಬರುತ್ತದೆಯೇ ಎಂದು ಮನೆಯ ಮುಂದೆಯೇ ಪರೀಕ್ಷಿಸಿ.

ಸ್ಕೂಟರ್ ಓಡಿಸುವವರಿಗೆ ಒಂದೇ ಮಾತು: ವಿಗ್ ಮೇಲೆ ಹೆಲ್ಮೆಟ್ ಹಾಕಬೇಡಿ. ತಲೆ ಮತ್ತು ಹೆಲ್ಮೆಟ್ ನಡುವೆ ಜಾರುವ ಪದರವೊಂದಿದ್ದರೆ ಬಿದ್ದಾಗ ಹೆಲ್ಮೆಟ್ ಸರಿದುಹೋಗುತ್ತದೆ. ವಿಗ್ ಚೀಲದಲ್ಲಿರಲಿ.

5. ನಿಂತ ಕಾರಿನಲ್ಲಿ, ಆಮೇಲೆ ಬಯಲಿನಲ್ಲಿ ಅಭ್ಯಾಸ

ಇದನ್ನು ಪೂರ್ತಿ ಉಡುಗೆಯಲ್ಲೇ ಮಾಡಿ, ಕಾಲಿಗೆ ಚಪ್ಪಟೆ ಶೂ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಇರುವಾಗ, ಪೆಡಲ್ ನೋಡದೆ ಎಕ್ಸಲರೇಟರಿನಿಂದ ಬ್ರೇಕಿಗೆ ಇಪ್ಪತ್ತು ಸಲ ಕಾಲು ಬದಲಿಸಿ. ಬಟ್ಟೆ ಎಳೆಯುತ್ತದೆಯೇ, ಶೂ ಅಂಚು ತಗಲುತ್ತದೆಯೇ ಎಂಬುದು ಇಲ್ಲೇ ಗೊತ್ತಾಗುತ್ತದೆ. ನಾಲ್ಕೈದು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾದರೆ ಹೆದರಬೇಡಿ. ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಎಂಬ ಭಾಗಕ್ಕೆ ಎಂಜಿನ್ ಓಡುತ್ತಿರಬೇಕು, ಅಷ್ಟೇ.

ಬಯಲಿನಲ್ಲಿ ಗಂಟೆಗೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ನೇರ ಹೋಗಿ ಜೋರಾಗಿ ಬ್ರೇಕ್ ಹಾಕಿ ನಿಲ್ಲಿಸಿ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ನಾಲ್ಕೈದು ಸಲ ಮಾಡಿ. ಎಬಿಎಸ್, ಅಂದರೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ಅದುರುತ್ತದೆ. ಆ ಅದುರಿಗೆ ಬೆಚ್ಚಿ ಕಾಲು ತೆಗೆಯಬಾರದು. ವಿಗ್ ಎಲ್ಲಿಗೆ ಹಾರುತ್ತದೆ ಎಂಬುದೂ ಇಲ್ಲೇ ತಿಳಿಯಲಿ, ಹೆದ್ದಾರಿಯಲ್ಲಿ ಬೇಡ. ಬ್ಲಾಕ್ ಹೀಲ್‌ನಲ್ಲಿ ಕಾರು ಸರಿಸುವ ಅಭ್ಯಾಸ ಬೇಕಿದ್ದರೆ ಎಲ್ಲ ಮುಗಿದ ಮೇಲೆ, ನಡಿಗೆಯ ವೇಗದಲ್ಲಿ ಮಾಡಿ. ಕ್ಲಚ್ ಇರುವ ಗಾಡಿಯಾದರೆ ಎಡಗಾಲನ್ನೂ ಮರೆಯಬೇಡಿ. ಕ್ಲಚ್ಚಿನ ಆಳ ದೊಡ್ಡದು, ಹೀಲ್ ನೆಲಕ್ಕೆ ತಗಲಿ ಪೆಡಲ್ ಪೂರ್ತಿ ಇಳಿಯದೆ ಗೇರ್ ಕಿರುಗುಟ್ಟುತ್ತದೆ.

6. ಹೊರಡುವ ದಿನದ ಕ್ರಮ

ಮನೆಯೊಳಗಿನಿಂದಲೇ ಚಪ್ಪಟೆ ಶೂ ತೊಟ್ಟು ಹೊರಬನ್ನಿ. ಹೀಲ್ಸ್ ಚೀಲದಲ್ಲಿ. ಹೀಲ್ಸ್‌ನ ಟಕ್ ಟಕ್ ಸದ್ದು ಮೆಟ್ಟಿಲಿನಲ್ಲಿ ಕೇಳಿಸುವುದಿಲ್ಲ ಎಂಬುದು ಮೇಲಿನ ಲಾಭ. ಕಾರಿನಲ್ಲಿ ಕುಳಿತು ಬಾಗಿಲು ಹಾಕಿ, ಬೆಲ್ಟ್, ಕನ್ನಡಿ, ಕೂದಲು, ಲಂಗದ ಅಂಚು, ಇಷ್ಟನ್ನೂ ನೋಡಿಕೊಳ್ಳಿ. ಗಾಬರಿ ಹೆಚ್ಚಾಗಿದ್ದರೆ ಮೊದಲ ತಿರುವು ದಾಟಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಎದೆ ಢವಢವ ಎನ್ನುವಾಗ ಓಡಿಸುವುದು ನಾಲ್ಕು ಇಂಚಿನ ಹೀಲ್ಸ್‌ಗಿಂತ ಕೆಟ್ಟದ್ದು.

ತಲುಪಿದ ಮೇಲೆ ಎಂಜಿನ್ ಆರಿಸಿ, ಬಾಗಿಲು ತೆರೆದು, ಎರಡೂ ಕಾಲನ್ನು ಹೊರಗಿಟ್ಟು ಹೀಲ್ಸ್ ಹಾಕಿಕೊಳ್ಳಿ. ಏಳುವಾಗ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಳ್ಳಿ, ಬಾಗಿಲನ್ನಲ್ಲ, ಅದು ತಿರುಗುತ್ತದೆ.

7. ಯಾರಾದರೂ ತಡೆದರೆ, ಗಾಡಿ ಕೆಟ್ಟರೆ

ಹೀಲ್ಸ್ ಹಾಕಿ ಓಡಿಸುವುದು ಕಾನೂನುಬಾಹಿರವೇ ಎಂಬುದು ಊರಿಂದೂರಿಗೆ ಬೇರೆ. ಬ್ರಿಟನ್ನಿನ ಹೈವೇ ಕೋಡ್‌ನ 97ನೇ ನಿಯಮದಲ್ಲಿ ಹೀಲ್ಸ್ ಎಂಬ ಪದವಿಲ್ಲ. ಉಡುಪು, ಪಾದರಕ್ಷೆ ಚಾಲನೆಗೆ ಅಡ್ಡಿಯಾಗಬಾರದು ಎಂದಷ್ಟೇ ಇದೆ. ಜಪಾನಿನ ಹಲವು ಪ್ರಾಂತ್ಯಗಳು ಗೇತಾ ಎಂಬ ಮರದ ಪಾದರಕ್ಷೆ ತೊಟ್ಟು ಓಡಿಸುವುದನ್ನು ಹೆಸರಿಸಿಯೇ ನಿಷೇಧಿಸಿವೆ. ನಿಮ್ಮಲ್ಲಿ ಏನಿದೆ ಎಂದು ಒಮ್ಮೆ ಓದಿಕೊಳ್ಳಿ.

ನಮಗೆ ಅದಕ್ಕಿಂತ ದೊಡ್ಡ ಚಿಂತೆ ಪರವಾನಗಿಯ ಭಾವಚಿತ್ರ. ಪೊಲೀಸರು ಕೈ ತೋರಿದರೆ ನಿಲ್ಲಿಸಿ. ವೇಗ ಹೆಚ್ಚಿಸುವ ಯೋಚನೆಯೂ ಬೇಡ. ಒಳಗಿನ ದೀಪ ಹಚ್ಚಿ, ಕೈ ಸ್ಟೀರಿಂಗ್ ಮೇಲಿರಲಿ. ಕೇಳಿದಾಗ ಪರವಾನಗಿ ಕೊಟ್ಟು, ನಿಮ್ಮ ಮಾಮೂಲು ದನಿಯಲ್ಲಿ, "ಇದರಲ್ಲಿರುವುದು ನಾನೇ, ಈಗ ಬೇರೆ ಉಡುಪಿನಲ್ಲಿದ್ದೇನೆ" ಎನ್ನಿ. ಬೇರೆ ಹೆಸರು ಹೇಳಬೇಡಿ. ಬೇರೆಯವರ ಪರವಾನಗಿ ಎಂಬ ಅನುಮಾನ ಹುಟ್ಟಿದರೆ ಐದು ನಿಮಿಷದ ಮಾತು ಐದು ಗಂಟೆಯಾದೀತು.

ಗಾಡಿ ಕೆಟ್ಟು ನಿಂತರೆ ಅಪಾಯ ಸೂಚಕ ದೀಪ ಹಾಕಿ, ಚಪ್ಪಟೆ ಶೂನಲ್ಲೇ ಇಳಿದು ರಸ್ತೆಯಿಂದ ದೂರ ನಿಲ್ಲಿ. ನಾಚಿಕೊಂಡು ಕಾರಿನೊಳಗೇ ಕುಳಿತಿರಬೇಡಿ, ಅದರಲ್ಲೂ ವೇಗದ ರಸ್ತೆಯಲ್ಲಿ.

8. ವಾಪಸು ಬರುವ ದಾರಿ

ನನ್ನ ಲೆಕ್ಕದಲ್ಲಿ ಹೋಗುವುದಕ್ಕಿಂತ ಬರುವುದೇ ಕಷ್ಟ. ನಾಲ್ಕು ಗಂಟೆ ಹೀಲ್ಸ್‌ನಲ್ಲಿ ನಿಂತ ಕಾಲು ಊದಿರುತ್ತದೆ, ಕಿರಿದಾದ ಮೂತಿಯೊಳಗೆ ಬೆರಳುಗಳು ಜೋಮು ಹಿಡಿದಿರುತ್ತವೆ. ಜೋಮು ಹಿಡಿದ ಕಾಲಿಗೆ ಯಾವ ಶೂ ಹಾಕಿದರೂ ಪೆಡಲ್ ತಿಳಿಯುವುದಿಲ್ಲ. ಚಪ್ಪಟೆ ಶೂ ತೊಟ್ಟು ಐದು ನಿಮಿಷ ನಡೆದಾಡಿ, ಹಿಮ್ಮಡಿ ನೆಲಕ್ಕೂರಿ ಮೀನಖಂಡ ಎಳೆದು ಸಡಿಲಿಸಿ, ಬೆರಳುಗಳಿಗೆ ಸ್ಪರ್ಶ ಮರಳಿದ ಮೇಲೆಯೇ ಹೊರಡಿ. ಕುಡಿದಿದ್ದರೆ ಬೀಗದ ಕೈ ಬೇರೆಯವರಿಗೆ.

ಇನ್ನೊಂದು ಚಟ ನಮ್ಮಲ್ಲಿ ಬಹಳ ಮಂದಿಗಿದೆ: ಮನೆ ಹತ್ತಿರವಾದಂತೆ ಓಡಿಸುತ್ತಲೇ ಬಿಚ್ಚಲು ತೊಡಗುವುದು. ಸಿಗ್ನಲ್‌ನಲ್ಲಿ ಅಂಟಿಸಿದ ಕೃತಕ ರೆಪ್ಪೆ ಕೀಳುವುದು, ಒಂದು ಕೈಯಲ್ಲಿ ಲಿಪ್‌ಸ್ಟಿಕ್ ಒರೆಸುವುದು, ವಿಗ್ ಎಳೆದು ಪಕ್ಕದ ಸೀಟಿಗೆ ಎಸೆಯುವುದು. ಕಣ್ಣಿನ ಮುಂದೆ ಕೂದಲು, ಕಣ್ಣಿನೊಳಗೆ ಕ್ರೀಮು, ಸ್ಟೀರಿಂಗ್ ಮೇಲೆ ಒಂದೇ ಕೈ. ಬದಲಾಗಿಯೇ ಮನೆ ಸೇರಬೇಕೆಂದಿದ್ದರೆ ಬೆಳಕಿರುವ, ಜನರಿರುವ ಪಾರ್ಕಿಂಗ್ ಜಾಗವನ್ನು ಹೋಗುವಾಗಲೇ ಗುರುತಿಸಿಕೊಂಡಿರಿ. ಅಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ರೆಪ್ಪೆಗೆ ಕೈ ಹಾಕಿ.